ವಿರ್ವೆ ಟೀಚರ ಮೇಳದಲ್ಲಿ ಶ್ರುತಿ ಜಾರುತ್ತಿದ್ದ ಜಾಗ

ತಾರ್ತು ಊರಿನಲ್ಲಿ, ಹೊಳೆಯ ಆಚೆ ದಂಡೆಗಿರುವ ಶಿಕ್ಷಕರ ಕಾಲೇಜಿನಲ್ಲಿ ಒಂದು ಗಾಯನ ಮೇಳ. ಆ ಮೇಳಕ್ಕೊಂದು ಕಾಯಿಲೆ. ಯಾವ ಶ್ರುತಿಯಲ್ಲಿ ಹಾಡು ಎತ್ತಿಕೊಂಡರೋ ಆ ಶ್ರುತಿಯಲ್ಲಿ ಅದು ಮುಗಿಯುತ್ತಿರಲಿಲ್ಲ. ಹೆಂಗಸರದು ಎರಡು ಸಾಲು, ಗಂಡಸರದು ಎರಡು ಸಾಲು, ಪಕ್ಕವಾದ್ಯ ಒಂದೂ ಇಲ್ಲ, ಎಲ್ಲ ಬರೀ ಕೊರಳಿನ ಮೇಲೆ. ಎರಡು ಚರಣ ಬೆಣ್ಣೆಯ ಹಾಗೆ ಸಾಗುತ್ತಿತ್ತು. ಮೂರನೆಯದರಲ್ಲಿ ಎಲ್ಲೋ ಏನೋ ಆಗಿ, ಹಾಡು ಮುಗಿಯುವಷ್ಟರಲ್ಲಿ ಇಡೀ ಮೇಳ ಅರ್ಧ ಸ್ವರ ಕೆಳಗೆ ಬಂದು ಕೂತಿರುತ್ತಿತ್ತು. ಎಲ್ಲರೂ ಒಟ್ಟಿಗೇ ಜಾರುವುದರಿಂದ ಹಾಡುವವರಿಗೆ ಅದು ತಿಳಿಯುತ್ತಲೂ ಇರಲಿಲ್ಲ. ತಿಳಿಯುತ್ತಿದ್ದುದು ವಿರ್ವೆ ಟೀಚರಿಗೆ. ಮೇಳವನ್ನು ನಡೆಸುವವರು ಅವರು. ಹಾಡು ನಿಂತ ಕೂಡಲೇ ಜೇಬಿನಿಂದ ಶ್ರುತಿಕವೆ ತೆಗೆದು, ಮೊಣಕಾಲಿಗೆ ಬಡಿದು, ಕಿವಿಗೆ ಹಿಡಿಯುತ್ತಿದ್ದರು. ಆಗ ಎಲ್ಲರ ಕಣ್ಣೂ ಅವರ ಹುಬ್ಬಿನ ಮೇಲೆ.

"ಇಳೀತಾ ಟೀಚರ್?" ಎಂದು ಕೇಳುವವನು ಊಕು. ಲೆಕ್ಕದ ಮೇಷ್ಟ್ರಾಗಲು ಓದುತ್ತಿದ್ದ ಹುಡುಗ, ಗಂಡಸರ ಮಂದ್ರದ ಸಾಲಿನಲ್ಲಿ ಕೊನೆಯವನು.

"ಇಳೀತು."

"ಎಷ್ಟು?"

"ನಿನ್ನ ಹಾಜರಿಗಿಂತ ಸ್ವಲ್ಪ ಕಮ್ಮಿ."

ಮೇಳ ನಗುತ್ತಿತ್ತು. ಟೀಚರು ನಗುತ್ತಿರಲಿಲ್ಲ. ಬರುವ ಬೇಸಿಗೆಗೆ ಹಾಡುಹಬ್ಬ. ಐದು ವರ್ಷಕ್ಕೊಮ್ಮೆ ದೇಶದ ಮೂಲೆಮೂಲೆಯ ಮೇಳಗಳೆಲ್ಲ ತಾಲಿನ್‌ನ ಬಯಲಿನಲ್ಲಿ ಒಂದೇ ಕಮಾನಿನ ಕೆಳಗೆ ನಿಂತು ಹಾಡುವ ಹಬ್ಬ. ಬೇಕೆಂದವರೆಲ್ಲ ಹೋಗುವಂತಿಲ್ಲ. ವಸಂತದಲ್ಲಿ ಪರೀಕ್ಷಕರು ಊರೂರಿಗೆ ಬಂದು ಪ್ರತಿ ಮೇಳವನ್ನೂ ಕೇಳಿ, ಒಪ್ಪಿಗೆಯಾದರೆ ಮಾತ್ರ ಚೀಟಿ ಕೊಡುತ್ತಾರೆ. ಹಿಂದಿನ ಸಲ ವಿರ್ವೆ ಟೀಚರ ಮೇಳಕ್ಕೆ ಚೀಟಿ ಸಿಕ್ಕಿರಲಿಲ್ಲ. "ಭಾವ ಇದೆ, ಶ್ರುತಿ ನಿಲ್ಲಲಿಲ್ಲ" ಎಂದಷ್ಟೇ ಹೇಳಿದ್ದರು. ಹಬ್ಬದ ದಿನ ಟೀಚರು ಹಳ್ಳಿಯ ಬೇಸಿಗೆ ಮನೆಯಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಬೇಲಿಯಾಚೆ ನೆರೆಯವರು ರೇಡಿಯೊ ಜೋರಾಗಿ ಇಟ್ಟಿದ್ದರು. ಸಾವಿರಾರು ಕೊರಳು ಸೇಬಿನ ಗಿಡಗಳ ಮೇಲೆ ಹಾದು ಬರುವುದನ್ನು ತಾಳಲಾರದೆ, ಕತ್ತರಿ ಅಲ್ಲೇ ಬಿಸಾಕಿ, ಅಂಗಳದಲ್ಲಿ ಹಬೆಸ್ನಾನಕ್ಕೆಂದಿದ್ದ ಸೌನಾ ಗುಡಿಸಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತಿದ್ದರು. ಒಲೆ ಹೊತ್ತಿಸಿರಲಿಲ್ಲ. ಸುಮ್ಮನೆ ತಣ್ಣನೆಯ ಹಲಗೆಯ ಮೇಲೆ ಕೂತು ಅತ್ತರು. ಈ ಸಲವೂ ತಪ್ಪಿದರೆ ಮುಗಿಯಿತು. ಮುಂದಿನ ಹಬ್ಬದ ಹೊತ್ತಿಗೆ ಅವರು ನಿವೃತ್ತರು, ಮೇಳ ಇನ್ನೊಬ್ಬರದು.

ಹಾಗೆಂದು ಅವರು ಕೈಚೆಲ್ಲಿ ಕೂರುವ ಪೈಕಿಯಲ್ಲ. ಯಾಕೆ ಹೀಗೆ ಎಂಬ ಪ್ರಶ್ನೆ ಒಮ್ಮೆ ತಲೆಗೆ ಹೊಕ್ಕರೆ ಅದರ ಬೆನ್ನು ಬಿಡದ ಹೆಂಗಸು. ಈ ಚಾಳಿ ಚಿಕ್ಕಂದಿನದು. ಹೀಯುಮಾ ದ್ವೀಪದಲ್ಲಿ, ಸೋವಿಯತ್ ಕಾಲದ ಮೀನಿನ ಶೆಡ್ಡಿನಲ್ಲಿ, ಅವರ ತಾಯಿ ಬೇರೆ ಹೆಂಗಸರ ಜೊತೆ ನಿಂತು ಪುಟ್ಟ ಪುಟ್ಟ ಮೀನುಗಳನ್ನು ಉಪ್ಪಿನಲ್ಲಿ ಜೋಡಿಸುತ್ತಿದ್ದರು. ಜೋಡಿಸುತ್ತ ಹಾಡುತ್ತಿದ್ದರು. ಪುಟ್ಟ ವಿರ್ವೆಗೆ ಹಾಡಿಗಿಂತ ಹೆಚ್ಚಾಗಿ ಕಾಡಿದ್ದು ಇನ್ನೊಂದು. ಯಾರೂ ಹೇಳದೆ ಇವರೆಲ್ಲ ಒಟ್ಟಿಗೇ ಉಸಿರು ತೆಗೆದುಕೊಳ್ಳುವುದು ಹೇಗೆ?

"ಅಮ್ಮ, ಈಗ ಉಸಿರು ತಗೋಬೇಕು ಅಂತ ನಿಂಗೆ ಯಾರು ಹೇಳ್ತಾರೆ?"

"ಪಕ್ಕದಲ್ಲಿರೋ ಸಾಲ್ಮೆ ಚಿಕ್ಕಮ್ಮ ಹೇಳ್ತಾಳೆ. ಬಾಯ್ಮುಚ್ಕೊಂಡು ಮೀನು ಎಣಿಸು."

ಸಾಲ್ಮೆ ಚಿಕ್ಕಮ್ಮನನ್ನು ಕೇಳಿದರೆ ಅವಳು ವಿರ್ವೆಯ ಅಮ್ಮನನ್ನು ತೋರಿಸಿದಳು. ಆ ಹುಡುಗಿ ಮುಂದೆ ತಾಲಿನ್‌ಗೆ ಹೋಗಿ ಹಾಡುಗಾರಿಕೆ ಕಲಿತಳು, ತಾರ್ತುವಿಗೆ ಬಂದು ಮೇಳ ನಡೆಸುವುದನ್ನು ಕಲಿಸತೊಡಗಿದಳು, ಕೊನೆಗೆ ಡಾಕ್ಟರೇಟಿಗೆ ಕೂತಾಗ ಬರೆದದ್ದೂ ಅದೇ ಮೀನಿನ ಶೆಡ್ಡಿನ ಪ್ರಶ್ನೆಯ ಮೇಲೆ. ಮುಂದೆ ನಿಂತವರು ಹೇಗೆ ಉಸಿರಾಡುತ್ತಾರೋ ಮೇಳ ಹಾಗೇ ಉಸಿರಾಡುತ್ತದೆ, ಮುಂದೆ ನಿಂತವರ ಕತ್ತು ಬಿಗಿದರೆ ಎಲ್ಲರ ಕತ್ತೂ ಬಿಗಿಯುತ್ತದೆ ಎಂದು ದಪ್ಪನೆಯ ಪುಸ್ತಕವನ್ನೇ ಬರೆದರು. ಪ್ರತಿ ಸೆಪ್ಟೆಂಬರಿನಲ್ಲಿ, ಕಾಲೇಜು ಶುರುವಾಗುವ ದಿನದ ವಾಡಿಕೆಯಂತೆ ಕೈತುಂಬ ಹೂ ಹಿಡಿದು ಬರುವ ಹೊಸ ಮಕ್ಕಳಿಗೆ ಮೊದಲ ಪಾಠ ಅದೇ. "ಮೇಳ ನಿಮ್ಮ ಕೈ ನೋಡಲ್ಲ, ನಿಮ್ಮ ಗಂಟಲು ನೋಡುತ್ತೆ. ನೆನಪಿರಲಿ." ಎರಡನೆಯ ಪಾಠ ಶಾಲೆಗೆ ಹೋಗಿ ಪಾಠ ಹೇಳುವವರಿಗಾಗಿ. "ಅಪಸ್ವರ ಬರುತ್ತೆ ಅಂತ ಯಾವ ಮಗೂಗೂ 'ನೀನು ಬರೀ ತುಟಿ ಆಡಿಸು' ಅಂತ ಹೇಳ್ಬೇಡಿ. ಹೇಳಿದೋರು ನನ್ನ ವಿದ್ಯಾರ್ಥಿಗಳೇ ಅಲ್ಲ."

ಇಷ್ಟೆಲ್ಲ ಬಲ್ಲವರು ಶ್ರುತಿ ಯಾಕೆ ಜಾರುತ್ತದೆಂದು ಹುಡುಕಿದ ಚೆಂದ ನೋಡಿ. ಮೊದಲು ಕೋಣೆಯ ಬಿಸಿ ಕಾರಣವೆಂದುಕೊಂಡು ಜನವರಿಯಲ್ಲಿ ಕಿಟಕಿ ತೆಗೆಸಿದರು. ಎಲ್ಲರಿಗೂ ನೆಗಡಿಯಾಯಿತು, ಶ್ರುತಿ ಇಳಿಯುವುದು ನಿಲ್ಲಲಿಲ್ಲ. ಸಾಲುಗಳನ್ನು ಅದಲು ಬದಲು ಮಾಡಿದರು. ಅರ್ಧ ಸ್ವರ ಮೇಲಿನಿಂದ ಶುರು ಮಾಡಿಸಿದರು. ಅಭ್ಯಾಸಕ್ಕೆ ಮುಂಚೆ ಮೊಸರಿನ ಮಿಠಾಯಿ ತಿನ್ನಬಾರದೆಂದರು. ಬೂಟು ಬಿಚ್ಚಿಸಿ ನಿಲ್ಲಿಸಿದರು. ಅವತ್ತು ಊಕು ತನ್ನ ತೂತು ಕಾಲುಚೀಲ ನೋಡಿಕೊಂಡು, "ಟೀಚರ್, ಶ್ರುತಿ ಇಲ್ಲಿಂದ ಸೋರ್ತಾ ಇರ್ಬೋದು" ಎಂದ.

ಒಂದು ಸಂಗತಿಯನ್ನಂತೂ ಅವರು ಕಂಡುಹಿಡಿದರು. ಎಲ್ಲ ಹಾಡಿನಲ್ಲೂ ಜಾರುವುದಿಲ್ಲ. ಮೇಲುದನಿಯ ಹುಡುಗಿಯರು ಕೆಳಗಿನ ಸ್ವರದಿಂದ ಒಂದೇ ಏಟಿಗೆ ಎತ್ತರಕ್ಕೆ ನೆಗೆದು ಅಲ್ಲಿ 'ಆ' ಎಂದು ಉದ್ದಕ್ಕೆ ನಿಲ್ಲಬೇಕಾದ ಹಾಡುಗಳಲ್ಲಿ ಮಾತ್ರ. ಈ ಸಲದ ಹಬ್ಬದ ಹಾಡಿನಲ್ಲಿ, ಕಡಲಿನ ಮಂಜುಗಡ್ಡೆ ಒಡೆಯುವುದನ್ನು ಹೇಳುವ ಮೂರನೆಯ ಚರಣದಲ್ಲಿ, ಅಂಥ ನೆಗೆತವಿತ್ತು. ನೆಗೆಯುವ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದು, ಪಿಯಾನೊದ ಮುಂದೆ ಹಾಡಿಸಿ ನೋಡಿದರು. ಒಬ್ಬೊಬ್ಬರೂ ಸರಿಯಾಗೇ ನೆಗೆದರು. ಮೇಳದಲ್ಲಿ ನಿಂತರೆ ಮಾತ್ರ ಮತ್ತೆ ಅದೇ ಕಥೆ. ಟೀಚರಿಗೆ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಾಯಿತು. ಮಾರುಕಟ್ಟೆಯಲ್ಲಿ ಕರಿ ರೊಟ್ಟಿ ಕೊಳ್ಳುತ್ತಲೂ ಅದೇ ಯೋಚನೆ, ಹೊಳೆದಂಡೆಯಲ್ಲಿ ನಡೆಯುತ್ತಲೂ ಅದೇ.

ಫೆಬ್ರವರಿಯ ಒಂದು ಸಂಜೆ ಹಸಿ ಹಿಮ ಬಿದ್ದು ಎಲ್ಲೋ ತಂತಿ ಹರಿಯಿತು. ಅಭ್ಯಾಸದ ನಡುವೆ ದೀಪ ಆರಿತು. ನಮ್ಮಲ್ಲಿ ಆ ತಿಂಗಳಲ್ಲಿ ಸಂಜೆಯೆಂದರೆ ಕಗ್ಗತ್ತಲೆಯೇ; ಪಕ್ಕದವರ ಮೂಗು ಕಾಣುವುದಿಲ್ಲ. ಹಾಡು ಹೇಗೂ ಬಾಯಿಪಾಠವಾಗಿತ್ತು. "ನಿಲ್ಲಿಸ್ಬೇಡಿ" ಎಂದರು ಟೀಚರು. ಮೇಳ ಕತ್ತಲಲ್ಲೇ ಮೂರೂ ಚರಣ ಹಾಡಿ ಮುಗಿಸಿತು. ಕವೆ ಮೊಣಕಾಲಿಗೆ ಬಡಿದ ಸದ್ದು ಕೇಳಿತು. ಆಮೇಲೆ ಇನ್ನೊಮ್ಮೆ ಬಡಿದ ಸದ್ದು.

"ಎಷ್ಟು ಇಳೀತು ಟೀಚರ್?" ಕತ್ತಲಲ್ಲಿ ಊಕುವಿನ ದನಿ.

"ಇಳೀಲಿಲ್ಲ."

"ಕವೆ ಕೆಟ್ಟಿರ್ಬೇಕು."

"ಇನ್ನೊಂದ್ಸಲ ಹಾಡಿ" ಎಂದರು ಟೀಚರು.

ಇನ್ನೊಂದು ಸಲವೂ ಇಳಿಯಲಿಲ್ಲ. ದೀಪ ಬಂತು, ಎಲ್ಲರೂ ಕಣ್ಣುಜ್ಜಿಕೊಂಡು ಮತ್ತೆ ಹಾಡಿದರು. ಇಳಿಯಿತು. ಪರೀಕ್ಷಕರು ಬಂದಾಗ ಫ್ಯೂಸು ಕೀಳುವುದೊಂದೇ ದಾರಿಯೆಂದು ಊಕು ತೀರ್ಪು ಕೊಟ್ಟ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಟೀಚರು ಕೋಟು ಹಾಕಿಕೊಳ್ಳುವುದನ್ನೂ ಮರೆತು ಕವೆಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ನಿಂತಿದ್ದರು. ಕತ್ತಲಲ್ಲಿ ಏನಿರಲಿಲ್ಲ? ಹಾಡಿನ ಹಾಳೆ ಇರಲಿಲ್ಲ, ಆದರೆ ಅದನ್ನು ಯಾರೂ ನೋಡುತ್ತಲೇ ಇರಲಿಲ್ಲ. ಮತ್ತೆ ಇನ್ನೇನು ಕಾಣಿಸುತ್ತಿರಲಿಲ್ಲ?

ಮುಂದಿನ ಅಭ್ಯಾಸದಲ್ಲಿ ಎಲ್ಲರಿಗೂ ಕಣ್ಣು ಮುಚ್ಚಿ ಹಾಡಲು ಹೇಳಿದರು. ಶ್ರುತಿ ನಿಂತಿತು. ಕಣ್ಣು ತೆರೆದು, ಗೋಡೆಗೆ ಮುಖ ಮಾಡಿ ಹಾಡಲು ಹೇಳಿದರು. ಆಗಲೂ ನಿಂತಿತು. "ಈಗ ನನ್ನ ಕಡೆ ತಿರುಗಿ" ಎಂದರು. ಕಣ್ಣೆದುರೇ ಇಳಿಯಿತು.

ಎಲ್ಲರಿಗೂ ಅರ್ಥವಾಗಿತ್ತು. ನಮ್ಮ ಜನಕ್ಕೆ ಇಂಥ ಹೊತ್ತಿನಲ್ಲಿ ಮಾಡಲು ಬರುವುದು ಒಂದೇ ಕೆಲಸ, ತಮ್ಮ ಬೂಟು ನೋಡಿಕೊಳ್ಳುವುದು. ಕೆಳದನಿ ಸಾಲಿನ ಮುಂದಾಳು ಕ್ಯಾರ್ಟ್, ಒಂದು ಕಾಲಕ್ಕೆ ಟೀಚರ ವಿದ್ಯಾರ್ಥಿನಿ, ಈಗ ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವವಳು, ಸಾಲು ಬಿಟ್ಟು ಕಾಫಿಗೆ ನೀರಿಡಲು ಹೋದಳು.

"ಅಂದ್ರೆ ನಾನು" ಎಂದರು ಟೀಚರು.

"ನಾವೇನೂ ಹೇಳ್ಲಿಲ್ಲ ಟೀಚರ್" ಎಂದ ಊಕು. ಅವನ ಮುಖದಲ್ಲಿ ನಗು ಇರಲಿಲ್ಲ.

ಮುಖಕ್ಕೆ ಬಡಿದ ಹಾಗಾಯಿತು ಅವರಿಗೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಾನೇ ಪುಸ್ತಕ ಬರೆದ ಕಾಯಿಲೆ, ತನಗೇ ಇದ್ದು, ತನಗೇ ಕಂಡಿರಲಿಲ್ಲ. ಆದರೆ ನಾಚಿಕೆಯ ಹಿಂದೆಯೇ ಹಳೆಯ ಚಾಳಿ ತಲೆಯೆತ್ತಿತು. ನಾನು ಏನು ಮಾಡುತ್ತಿದ್ದೇನೆ? ಆ ಒಂದೇ ಜಾಗದಲ್ಲಿ ಯಾಕೆ?

ಉತ್ತರ ಹುಡುಕಿಕೊಂಡು ಅವರು ಹೋದದ್ದು ಅದೇ ಮಹಡಿಯ ಹಿಲ್ಲರ್ ಹತ್ತಿರ. ಹಿಲ್ಲರ್ ಕಾಲೇಜಿನಲ್ಲಿ ಹಾಡುಗಾರಿಕೆ ಕಲಿಸುವವರು. ತಾಲಿನ್‌ನಲ್ಲಿ ಓದುವಾಗಿನಿಂದ ಜೊತೆಗಾರ, ಪಿಯಾನೊ ನುಡಿಸುವುದರಲ್ಲೂ ಗಟ್ಟಿಗ. ಅವರ ಕೋಣೆಯಲ್ಲಿ ಆಳೆತ್ತರದ ಕನ್ನಡಿಯಿದೆ.

"ನೀನು ನುಡಿಸು, ನಾನು ಕೈ ಆಡಿಸ್ತೀನಿ. ಕನ್ನಡಿ ನೋಡ್ಬೇಕು."

"ಈ ವಯಸ್ಸಲ್ಲಿ ಕನ್ನಡಿ ನೋಡೋ ಆಸೆ" ಎಂದು ಗೊಣಗಿ ಹಿಲ್ಲರ್ ಪಿಯಾನೊಗೆ ಕೂತರು.

ಎರಡು ಚರಣ ಕನ್ನಡಿಯಲ್ಲಿದ್ದ ಹೆಂಗಸು ಚೆನ್ನಾಗಿಯೇ ನಿಂತಿದ್ದಳು. ಮೂರನೆಯದರಲ್ಲಿ, ನೆಗೆತ ಇನ್ನೂ ಒಂದು ಸಾಲು ದೂರವಿದ್ದಾಗಲೇ, ಅವಳ ಗದ್ದ ಮೇಲೆದ್ದಿತು, ಭುಜ ಕಿವಿಯವರೆಗೆ ಬಂತು, ಕತ್ತಿನ ನರ ಎರಡೂ ಬದಿಗೆ ಬಿಗಿದುಕೊಂಡಿತು. ಏಟು ಬೀಳುತ್ತದೆಂದು ಮೊದಲೇ ಗೊತ್ತಿರುವವರು ನಿಲ್ಲುವಂತೆ ನಿಂತಿದ್ದಳು. ಟೀಚರು ಕೈ ಇಳಿಸಿದರು.

"ಇದನ್ನ ನಾನು ನೋಡಿದೀನಿ" ಎಂದರು ಹಿಲ್ಲರ್ ಮೆಲ್ಲಗೆ. "ಅವತ್ತೂ ಹೀಗೇ ನಿಂತಿದ್ದೆ."

ಅವತ್ತು ಎಂದರೆ ತಾಲಿನ್‌ನ ಕೊನೆಯ ವರ್ಷದ ಪರೀಕ್ಷೆಯ ದಿನ. ಹೀಯುಮಾದ ಹುಡುಗಿ ಮೇಲುದನಿಯ ಹಾಡುಗಾರ್ತಿಯಾಗುತ್ತಾಳೆ, ರಂಗದ ಮೇಲೆ ನಿಲ್ಲುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದ ಕಾಲ. ತಾಯಿ ದೋಣಿ ಹತ್ತಿ, ಬಸ್ಸು ಹಿಡಿದು, ಹೊಗೆ ಕೊಟ್ಟ ಮೀನಿನ ಗಂಟು ಮಡಿಲಲ್ಲಿಟ್ಟುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪಿಯಾನೊಗೆ ಹಿಲ್ಲರ್ ಇದ್ದರು. ಹಾಡಿನಲ್ಲಿ ಇಂಥದೇ ಒಂದು ನೆಗೆತವಿತ್ತು. ವಿರ್ವೆ ನೆಗೆದಳು, ಮೇಲೆ ದನಿ ಇರಲಿಲ್ಲ. ಗಾಳಿ ಮಾತ್ರ ಬಂತು. ಗಂಟಲಲ್ಲಿ ಗಂಟು ಎಂದರು ವೈದ್ಯರು, ಸ್ವಲ್ಪ ಕಾಲ ಬಾಯಿ ಬಿಡಬೇಡ ಎಂದರು. ಆ ಸ್ವಲ್ಪ ಕಾಲದಲ್ಲಿ ಹುಡುಗಿ ಮೇಳ ನಡೆಸುವುದನ್ನು ಕಲಿಯಲು ಸೇರಿಕೊಂಡಳು. ಅಲ್ಲಿ ಕೈ ಹಾಡುತ್ತದೆ, ಗಂಟಲು ಬೇಕಿಲ್ಲ.

"ವೈದ್ಯರು ಆರು ತಿಂಗಳು ಅಂದಿದ್ರು" ಎಂದರು ಹಿಲ್ಲರ್. "ನೀನು ನಿವೃತ್ತಿಗೆ ಬಂದೆ. ಒಂದ್ಸಲನಾದ್ರೂ ಹಾಡಿ ನೋಡಿದ್ಯಾ?"

"ಶ್ರುತಿ ಕೊಡೋಕೆ ಗುಂಯ್ ಅಂತೀನಲ್ಲ, ಸಾಲ್ದಾ?"

"ನೊಣಾನೂ ಅನ್ನುತ್ತೆ. ಹಾಡು, ನಾನು ನುಡಿಸ್ತೀನಿ."

"ಇಲ್ಲ" ಎಂದು ಟೀಚರು ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟರು.

ಅವರಿಗೆ ಸುಲಭದ ದಾರಿಯೊಂದು ಹೊಳೆದಿತ್ತು. ಪರೀಕ್ಷಕರ ಮುಂದೆ ಕ್ಯಾರ್ಟ್ ಮೇಳ ನಡೆಸಲಿ. ಅವಳಿಗೆ ಎಲ್ಲ ಬರುತ್ತದೆ, ಗದ್ದವೂ ನೆಟ್ಟಗಿರುತ್ತದೆ. ಅಭ್ಯಾಸ ಮುಗಿದ ಮೇಲೆ, ಎಲ್ಲರೂ ಹೋದ ಮೇಲೆ, ಕಾಫಿ ಲೋಟ ತೊಳೆಯುತ್ತಿದ್ದ ಕ್ಯಾರ್ಟ್ ಹತ್ತಿರ ಹೋಗಿ ವಿಷಯ ಎತ್ತಿದರು.

"ಆಗಲ್ಲ" ಎಂದಳು ಕ್ಯಾರ್ಟ್, ಲೋಟದಿಂದ ತಲೆಯೆತ್ತದೆ.

"ಯಾಕೆ? ಮೇಳ ಹಬ್ಬಕ್ಕೆ ಹೋಗೋದು ಬೇಡ್ವಾ?"

"ಟೀಚರ್, ಒಂದ್ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೋದ ಸಲ ಚೀಟಿ ಸಿಗ್ಲಿಲ್ಲ, ಅದರ ಹಿಂದಿನ ಹಬ್ಬಕ್ಕೆ ಹೋಗಿದ್ವಲ್ಲ, ಆಗ ನಾನು ನಿಮ್ಮ ಪಕ್ಕ ನಿಂತಿದ್ದೆ."

ಹಬ್ಬದಲ್ಲಿ ಇಡೀ ಬಯಲನ್ನು ನಡೆಸುವವರು ಬೇರೆ. ಊರೂರಿನ ಮೇಳದ ಟೀಚರುಗಳೆಲ್ಲ ಅವತ್ತು ತಮ್ಮ ಮೇಳದ ಸಾಲಿನಲ್ಲೇ ನಿಂತು ಎಲ್ಲರಂತೆ ಹಾಡುತ್ತಾರೆ.

"ನಿಂತಿದ್ದೆ, ಏನೀಗ?"

"ನಿಮ್ಮಿಂದ ದನಿಯೇ ಬರ್ಲಿಲ್ಲ. ಎರಡು ದಿನ. ಒಂದು ಹಾಡಿಗೂ ಬರ್ಲಿಲ್ಲ." ಕ್ಯಾರ್ಟ್ ಕೈ ಒರೆಸಿಕೊಂಡಳು. "ಬರೀ ತುಟಿ ಆಡಿಸು ಅಂತ ಯಾವ ಮಗೂಗೂ ಹೇಳ್ಬೇಡಿ ಅಂತ ಕಲ್ಸಿದ್ದು ಯಾರು? ನನ್ನ ಕ್ಲಾಸಲ್ಲಿ ಒಬ್ಬ ಹುಡುಗ ಇದಾನೆ, ಬಾಯಿ ಬಿಟ್ರೆ ಟ್ರ್ಯಾಕ್ಟರ್ ಸ್ಟಾರ್ಟ್ ಆದಂಗೆ. ನೀವು ಹೇಳಿದ್ರಿ ಅಂತ ಒಂದಿನಾನೂ ಅವನ್ನ ಸುಮ್ನಿರ್ಸಿಲ್ಲ. ನಿಮಗ್ಯಾರು ಹೇಳಿದ್ರು ಟೀಚರ್, ಬರೀ ತುಟಿ ಆಡಿಸು ಅಂತ?"

ಟೀಚರಿಗೆ ಯಾರೂ ಹೇಳಿರಲಿಲ್ಲ. ತಾಯಿ ಕೂಡ ಅವತ್ತು ಮೀನಿನ ಗಂಟನ್ನು ಬಿಚ್ಚಿ, "ತಿನ್ನು, ಹಸಿದಿದ್ದೀಯ" ಎಂದಷ್ಟೇ ಹೇಳಿದ್ದರು. ಹೇಳಿಕೊಂಡದ್ದು ತಾವೇ.

ಆ ಶನಿವಾರ ಅವರು ಹಳ್ಳಿಯ ಮನೆಗೆ ಹೋದರು. ಅಂಗಳದಲ್ಲಿ ಇನ್ನೂ ಹಿಮವಿತ್ತು. ಸೌನಾದ ಒಲೆ ಹೊತ್ತಿಸಿ, ಬಾಗಿಲು ಹಾಕಿಕೊಂಡು, ಹಿಂದಿನ ಹಬ್ಬದ ದಿನ ಅತ್ತಿದ್ದ ಹಲಗೆಯ ಮೇಲೆಯೇ ಕೂತರು. ಬೆವರು ಬಿಡುವವರೆಗೆ ಸುಮ್ಮನಿದ್ದರು. ಆಮೇಲೆ ಮೂರನೆಯ ಚರಣವನ್ನು ಕೆಳಗಿನ ಶ್ರುತಿಯಲ್ಲಿ ಎತ್ತಿಕೊಂಡರು. ಮೊದಲ ಸಲ ಗದ್ದ ಮೇಲೆದ್ದಿತು, ದನಿ ಒಡೆಯಿತು. ಎರಡನೆಯ ಸಲವೂ ಒಡೆಯಿತು. ಹೆದರಿಕೆಯಾಗುತ್ತಿತ್ತು, ಅದರ ಜೊತೆಗೇ ಮೇಲೆ ಏನಿದೆಯೋ ನೋಡೋಣವೆಂಬ ತವಕ. ಒಲೆಯ ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿದರು, ಹಬೆ ಭುಸ್ಸೆಂದಿತು, ಅದೇ ಉಸಿರಿನಲ್ಲಿ ನೆಗೆದರು. ದನಿ ಬಂತು. ಚೆಂದದ ದನಿಯೇನಲ್ಲ, ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಆದರೆ ಅದು ಮೇಲೆ ಹೋಗಿ ಅಲ್ಲೇ ನಿಂತಿತ್ತು. ಟೀಚರು ಒಬ್ಬರೇ ಕೂತು ಗಟ್ಟಿಯಾಗಿ ನಕ್ಕರು. ಮತ್ತೆ ಹಾಡಿದರು. ಹೊರಗೆ ನೆರೆಮನೆಯ ನಾಯಿ ಬೊಗಳತೊಡಗಿತು, ಬೊಗಳಲಿ ಎಂದು ಇನ್ನೊಮ್ಮೆ ಹಾಡಿದರು. ಅಲ್ಲಿಂದ ಪ್ರತಿ ಶನಿವಾರವೂ ಹೋದರು.

ಏಪ್ರಿಲ್‌ನಲ್ಲಿ ಪರೀಕ್ಷಕರು ಬಂದರು. ಮೂವರು, ಶಾಲೆಯೊಂದರ ಸಭಾಂಗಣದಲ್ಲಿ ಉದ್ದನೆಯ ಮೇಜಿನ ಹಿಂದೆ. ವಿರ್ವೆ ಟೀಚರು ಶ್ರುತಿ ಕೊಟ್ಟು ಕೈ ಎತ್ತಿದರು. ಒಂದು ಚರಣವಾಯಿತು, ಎರಡಾಯಿತು. ಮೂರನೆಯದರ ನೆಗೆತ ಹತ್ತಿರ ಬಂದಂತೆ ಊಕು ಕಣ್ಣು ಮುಚ್ಚಿಕೊಂಡದ್ದನ್ನು ಅವರು ನೋಡಿದರು. ಮುಂದಿನದು ಅವರಿಗೆ ನೆನಪಿಲ್ಲ. ಹುಡುಗಿಯರು ಎತ್ತರಕ್ಕೆ ಹೋಗಿ ನಿಂತದ್ದು, ಊಕು ಬೆಚ್ಚಿ ಕಣ್ಣು ಬಿಟ್ಟದ್ದು, ಹಾಡು ಮುಗಿದದ್ದು ಮಾತ್ರ ನೆನಪು.

ಮೇಜಿನ ಹಿಂದಿನ ಹಿರಿಯ ಪರೀಕ್ಷಕರು ತಮ್ಮ ಕವೆಯನ್ನು ಬಡಿದು ಕಿವಿಗೆ ಹಿಡಿದರು. ತಲೆಯಾಡಿಸಿದರು.

"ಶ್ರುತಿ ಎಲ್ಲಿಟ್ರೋ ಅಲ್ಲೇ ಇದೆ. ಆದ್ರೆ ವಿರ್ವೆಯವರೇ, ಮುಂದುಗಡೆಯಿಂದ ಒಂದು ದನಿ ಜಾಸ್ತಿ ಬಂತು."

ಮೇಳ ನಡೆಸುವವರು ತಾವೇ ಹಾಡಿದರೆ ಅಂಕ ಕಳೆಯುತ್ತಾರೆ. ವಿರ್ವೆ ಟೀಚರು ಎಷ್ಟೋ ವರ್ಷ ಬೇರೆ ಬೇರೆ ಸ್ಪರ್ಧೆಗಳಲ್ಲಿ ಅಂಥದೇ ಮೇಜಿನ ಹಿಂದೆ ಕೂತು, ಎಷ್ಟೋ ಜನರ ಅಂಕ ಕಳೆದವರು.

"ಗೊತ್ತು" ಎಂದರು. ಮುಖ ಕೆಂಪಾಗಿತ್ತು. "ಕಳೀರಿ."

"ಕಳೆದಾಯ್ತು. ಕಳೆದ್ರೂ ಸಾಕಾಗುತ್ತೆ. ಹಬ್ಬದಲ್ಲಿ ಸಿಗೋಣ."

ಹೊರಗೆ ಮೆಟ್ಟಿಲ ಮೇಲೆ ಮೇಳದವರೆಲ್ಲ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರೆ ಟೀಚರು ಊಕುವನ್ನು ಬದಿಗೆ ಕರೆದರು. "ನಿಜ ಹೇಳು. ನನ್ನ ದನಿ ಹೇಗಿತ್ತು?"

ಊಕು ಯೋಚಿಸಿದ. "ನಾಯಿ ಬೊಗಳಿದ್ದು ಯಾಕೆ ಅಂತ ಈಗ ಗೊತ್ತಾಯ್ತು ಟೀಚರ್."

"ನಾಯಿ ವಿಷಯ ನಿಂಗ್ಯಾರೋ ಹೇಳಿದ್ದು?"

"ನಿಮ್ಮ ನೆರೆಮನೆಯೋರು ನಮ್ಮ ಸೋದರತ್ತೆ. ಶನಿವಾರ ಬಂತಂದ್ರೆ ನಮ್ಮ ಮನೇಲೆಲ್ಲ ಅದೇ ಸುದ್ದಿ."

ಜುಲೈ ಮೊದಲ ವಾರ ತಾಲಿನ್‌ನಲ್ಲಿ ಬೆಳಿಗ್ಗೆಯಿಂದ ಮಳೆ ಬಂದು ಮಧ್ಯಾಹ್ನ ಬಿಟ್ಟಿತು. ಹಬ್ಬದ ಸೂಪು ಕುಡಿದು, ಒದ್ದೆ ಬಯಲು ದಾಟಿ, ಎಲ್ಲರೂ ಕಮಾನಿನ ಕೆಳಗೆ ತಮ್ಮ ತಮ್ಮ ಮೆಟ್ಟಿಲು ಹತ್ತಿದರು. ವಿರ್ವೆ ಟೀಚರು ತಾಯಿಯ ಹಳೆಯ ಪಟ್ಟೆ ಲಂಗ ಉಟ್ಟಿದ್ದರು, ಹೀಯುಮಾದ್ದು. ಉಪ್ಪಿನ ಮೀನಿನ ವಾಸನೆ ಈಗ ಅದರಲ್ಲಿರಲಿಲ್ಲ, ಆದರೂ ಒಮ್ಮೆ ಮೂಸಿ ನೋಡಿದ್ದರು. ಕೆಳದನಿ ಸಾಲಿನಲ್ಲಿ ಕ್ಯಾರ್ಟ್ ಪಕ್ಕ ನಿಂತರು. ದೂರದಲ್ಲಿ, ಗೌರವಕ್ಕೆ ಹಾಕಿದ ಓಕ್ ಎಲೆಯ ಹಾರದಲ್ಲಿ, ಇಡೀ ಬಯಲನ್ನು ನಡೆಸುವವರು ಕೈ ಎತ್ತಿದರು. ಬಯಲಿನ ಸಾವಿರಾರು ಜನ ಒಟ್ಟಿಗೇ ಉಸಿರು ತೆಗೆದುಕೊಂಡರು. ಯಾರು ಹೇಳಿದರು ಇವರಿಗೆಲ್ಲ ಎಂದು ಟೀಚರಿಗೆ ಇವತ್ತೂ ಆಶ್ಚರ್ಯವಾಯಿತು, ಅಷ್ಟರಲ್ಲಿ ತಮ್ಮ ಉಸಿರೂ ಒಳಗೆ ಹೋಗಿತ್ತು.

ಮೂರನೆಯ ಚರಣದಲ್ಲಿ ಕೆಳದನಿಯವರು ನೆಗೆಯಬೇಕಾಗಿಲ್ಲ. ಕೆಳಗೇ ನಿಂತಿದ್ದರಾಯಿತು. ವಿರ್ವೆ ಟೀಚರು ನಿಲ್ಲಲಿಲ್ಲ. ಮೇಲುದನಿಯವರ ಜೊತೆ ತಾವೂ ನೆಗೆದರು, ಕಿರುಗುಟ್ಟುತ್ತ, ಬಾಯ್ತುಂಬ.

ಕ್ಯಾರ್ಟ್ ತನ್ನ ಸ್ವರ ಬಿಡದೆಯೇ ಅವರತ್ತ ವಾಲಿ, ಉಸಿರಿಗೆ ಜಾಗ ಸಿಕ್ಕಿದ ಕೂಡಲೇ ಪಿಸುಗುಟ್ಟಿದಳು. "ಟೀಚರ್, ಸ್ವಲ್ಪ ಮೆಲ್ಲಗೆ. ನಂಗೆ ನನ್ನ ದನೀನೇ ಕೇಳಿಸ್ತಿಲ್ಲ."

ಟೀಚರು ಕೇಳಿಸಿಕೊಂಡರು. ಮೆಲ್ಲಗೆ ಮಾಡಲಿಲ್ಲ.